ಹೊರಗಿನವರ ಪಟ್ಟಿ

ಹೋದ ತಿಂಗಳು ಹಳೆಯ ಸರ್ಟಿಫಿಕೇಟುಗಳಿಗಾಗಿ ಟ್ರಂಕು ತೆಗೆದಾಗ ಅವುಗಳ ಮಧ್ಯದಿಂದ ಒಂದು ತುಂಡು ಬ್ಲಾಟಿಂಗ್ ಪೇಪರ್ ಜಾರಿ ಬಿತ್ತು. ಒಂದು ಕಾಲಕ್ಕೆ ಗುಲಾಬಿ ಬಣ್ಣದ್ದು, ಈಗ ಹಳೆಯ ಇಟ್ಟಿಗೆಯ ಬಣ್ಣ. ಅದರ ಮೇಲೆ ನೀಲಿ ಮಸಿಯ ಅಕ್ಷರಗಳು ಹಿಂದುಮುಂದಾಗಿ ಅಚ್ಚೊತ್ತಿಕೊಂಡಿದ್ದವು. ಓದಲಾಗಲಿಲ್ಲ. ಆದರೆ ಆ ದುಂಡನೆಯ, ಒಂದೇ ಸಮನೆ ಬಾಗಿದ ಅಕ್ಷರಗಳು ಯಾರವೆಂದು ತಿಳಿಯಲು ಓದಬೇಕಾಗಿರಲಿಲ್ಲ. ಮೂಗಿನ ಹತ್ತಿರ ಹಿಡಿದೆ. ಅಷ್ಟು ಹಳೆಯ ಮಸಿಗೆ ವಾಸನೆ ಉಳಿದಿರಲಾರದು, ಆದರೂ ಬಂದಂತಾಯಿತು.

ಸರ್ಟಿಫಿಕೇಟು ಹುಡುಕಿಸಿದವಳು ನನ್ನ ತಂಗಿಯ ಮೊಮ್ಮಗಳು. ಅವಳಿಗೆ ಬೇರೆ ರಾಜ್ಯದ ದೊಡ್ಡದೊಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಹೊರ ರಾಜ್ಯದವರಿಗೆ ಫೀಸು ಜಾಸ್ತಿ, ಹಾಸ್ಟೆಲ್ ಖರ್ಚು ಬೇರೆ. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಹದಿನೈದು ದಿನದಿಂದ ಅದೇ ಪಂಚಾಯ್ತಿ. "ನೀವು ಆ ಕಾಲದಲ್ಲೇ ಹೋಗಿದ್ರಲ್ಲ ಅಜ್ಜಿ, ಅಷ್ಟು ದುಡ್ಡು ಸುರಿದು ಹೋಗಿದ್ದು ವರ್ತ್ ಆಯ್ತಾ?" ಎಂದು ಕೇಳಿದಳು. ನನ್ನ ಡಿಗ್ರಿಯನ್ನು ತೋರಿಸಿ ಅವಳ ಬಾಯಿ ಮುಚ್ಚಿಸೋಣ ಎಂದು ಟ್ರಂಕಿಗೆ ಕೈ ಹಾಕಿದ್ದೆ. ಮೊದಲು ಕೈಗೆ ಬಂದದ್ದು ಇದು.

ಐವತ್ತರ ದಶಕದ ನಡುವಿನ ಮಾತು. ಆಗ ನಾವಿದ್ದದ್ದು ರಾಜಾಜಿನಗರದಲ್ಲಿ, ಕಾರ್ಖಾನೆ ಕೆಲಸಗಾರರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ. ಅಪ್ಪ ಬಣ್ಣ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿದ್ದರು. ಎಷ್ಟು ತಿಕ್ಕಿ ತೊಳೆದರೂ ಅವರ ಉಗುರಿನ ಸಂದಿಯಲ್ಲಿ ಹಸಿರೋ ಕೆಂಪೋ ಉಳಿದೇ ಇರುತ್ತಿತ್ತು. ಅನ್ನ ಕಲಸುವಾಗ ಅದನ್ನು ನೋಡಿ ನೋಡಿ, ಆ ಡಬ್ಬಗಳಲ್ಲಿ ಏನು ಹಾಕುತ್ತಾರೆ, ಅದು ಅಪ್ಪನ ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂದು ನನಗೆ ಹೆದರಿಕೆ. ರಸಾಯನಶಾಸ್ತ್ರ ಓದಬೇಕೆಂಬ ಹಟ ಹುಟ್ಟಿದ್ದು ಆ ಹೆದರಿಕೆಯಿಂದ. ನಾನು ಹುಟ್ಟಾ ಪುಕ್ಕಲಿ. ನನ್ನ ಬಾಳಿನ ದೊಡ್ಡ ಕೆಲಸಗಳೆಲ್ಲ ಹೆದರಿಕೆಯಿಂದಲೇ ಆದವು, ದೊಡ್ಡ ತಪ್ಪೂ ಕೂಡ.

ಮೇಷ್ಟ್ರು ನಮ್ಮ ಪಕ್ಕದ ಮನೆಯವರು. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಹತ್ತಿರದ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ಧಾರವಾಡದ ಕಡೆಯವರು, ಆಗ ಅದು ಮುಂಬಯಿ ರಾಜ್ಯ. ಬೆಳಿಗ್ಗೆ ಎದ್ದು ಹಣೆ ತುಂಬ ವಿಭೂತಿ ಧರಿಸಿ, ಬಿಳಿ ಟೋಪಿ ಇಟ್ಟುಕೊಂಡು ಅವರು ಹೊರಗೆ ಬಂದರೆ ನಲ್ಲಿಯ ಹತ್ತಿರದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅವರ ಮಾತು ನಮಗೆ ಅರ್ಧ ಅರ್ಥವಾಗುತ್ತಿತ್ತು, ಅರ್ಧ ನಗು ಬರುತ್ತಿತ್ತು. ಅವರೂ ಬಿಡುತ್ತಿರಲಿಲ್ಲ, "ನಿಮ್ಮ ಬೆಂಗಳೂರು ಕನ್ನಡಕ್ಕ ಬಾಲನ ಇಲ್ಲ ನೋಡ್ರಿ, ಎಲ್ಲಾ ಕತ್ತರಿಸಿ ಒಗದೀರಿ" ಎನ್ನುತ್ತಿದ್ದರು.

ಆ ಸಾಲಿನಲ್ಲಿ ಅವರಿಗೊಂದು ಜಾಗ ಸಿಕ್ಕಿದ್ದು ಅವರ ಕೈಬರಹದಿಂದ. ಯಾರಿಗೆ ಕೆಲಸದ ಅರ್ಜಿ ಬೇಕಿರಲಿ, ಸೈಟಿನ ಅರ್ಜಿ ಬೇಕಿರಲಿ, ಕಾಲೇಜಿನ ಫಾರಂ ಇರಲಿ, ಭಾನುವಾರ ಬೆಳಿಗ್ಗೆ ಅವರ ಜಗಲಿಗೆ ಬರುತ್ತಿದ್ದರು. ಕೈಕಾಲು ತೊಳೆದು, ಗಿಡ್ಡ ಮೇಜು ಮುಂದಿಟ್ಟುಕೊಂಡು ಕೂರುತ್ತಿದ್ದರು ಮೇಷ್ಟ್ರು. ಎಲ್ಲವನ್ನೂ ಮೊದಲು ಸ್ಲೇಟಿನ ಮೇಲೆ ಬರೆಯಬೇಕು, ಬಂದವರಿಗೆ ಓದಿ ಹೇಳಬೇಕು, ಅವರು ಹೂಂ ಎಂದ ಮೇಲೆಯೇ ಮಸಿ. ಒಂದು ಅಕ್ಷರ ಹೊಡೆದುಹಾಕಿದರೂ ಅರ್ಜಿಗೆ ಮರ್ಯಾದೆ ಇಲ್ಲ ಎಂಬುದು ಅವರ ಲೆಕ್ಕ. ಜಂಬವೂ ಇತ್ತು ಅವರಿಗೆ. ಬರೆದದ್ದನ್ನು ಬಿಸಿಲಿಗೆ ಹಿಡಿದು ತಾವೇ ನೋಡಿ ನೋಡಿ ಸಂತೋಷಪಡುತ್ತಿದ್ದರು. ಯಾರಾದರೂ ಒದ್ದೆ ಕೈಯಲ್ಲಿ ಕಾಗದ ಮುಟ್ಟಿದರೆ ಮುಗಿಯಿತು, ಆ ಭಾನುವಾರವೆಲ್ಲ ಸಿಡಿಮಿಡಿ. ಆದರೂ ಜನ ಬರುತ್ತಿದ್ದರು. ವಾರದ ಆರು ದಿನ ಅವರು ಹೊರಗಿನವರು, ಏಳನೆಯ ದಿನ ಅವರಿಲ್ಲದೆ ನಮಗೆ ನಡೆಯುತ್ತಿರಲಿಲ್ಲ.

ನಾನು ಇಂಟರ್‌ಮೀಡಿಯೆಟ್ ಮುಗಿಸಿದ ವರ್ಷ, ಊರಿನ ಸರ್ಕಾರಿ ಕಾಲೇಜಿನ ಕೆಮಿಸ್ಟ್ರಿ ಆನರ್ಸ್ ಫಾರಂ ಹಿಡಿದು ಅದೇ ಜಗಲಿಯ ಮುಂದೆ ಕೂತೆ. ಹೆಸರು, ತಂದೆಯ ಹೆಸರು, ಅಂಕಗಳು... ಎಲ್ಲ ಸರಾಗವಾಗಿ ಹೋಯಿತು. "ಹುಟ್ಟಿದ ಊರು ಯಾವುದವಾ?" ಎಂದರು ಮೇಷ್ಟ್ರು.

ಚೊಚ್ಚಲ ಹೆರಿಗೆ ತೌರುಮನೆಯಲ್ಲೇ ಆಗಬೇಕು ಎನ್ನುವುದು ನಮ್ಮಲ್ಲಿ ಯಾರೂ ಯೋಚಿಸಿ ಮಾಡುವ ಕೆಲಸವಲ್ಲ. ಏಳನೆಯ ತಿಂಗಳಿಗೆ ಅಮ್ಮ ತೌರಿಗೆ ಹೋದರು, ನಾನು ಅಲ್ಲಿ ಹುಟ್ಟಿದೆ, ಐದು ತಿಂಗಳಿಗೆ ಬೆಂಗಳೂರಿಗೆ ಬಂದೆ. ಆ ತೌರು ಇದ್ದದ್ದು ತಾಳವಾಡಿಯ ಕಡೆ, ಚಾಮರಾಜನಗರ ದಾಟಿದರೆ ಸಿಗುವ ಹಳ್ಳಿ. ಅಲ್ಲಿ ಮನೆಮಾತು ಕನ್ನಡ, ಸೋಬಾನೆ ಕನ್ನಡ, ಬೈಗುಳ ಕನ್ನಡ. ಸರ್ಕಾರ ಮಾತ್ರ ಮದರಾಸಿನದು. ನನಗೆ ಅದು ಅಜ್ಜಿಯ ಊರು, ಅಷ್ಟೆ. ಅದು ಬೇರೆ ರಾಜ್ಯ ಎಂಬುದು ಆವತ್ತಿನವರೆಗೆ ತಲೆಗೇ ಹೋಗಿರಲಿಲ್ಲ.

ಊರಿನ ಹೆಸರು ಹೇಳಿದೆ. ಮೇಷ್ಟ್ರು ಸ್ಲೇಟಿನಿಂದ ಕೈ ತೆಗೆದರು. ಫಾರಂನ ಹಿಂದಿನ ನಿಯಮಗಳನ್ನು ಮತ್ತೊಮ್ಮೆ ಓದಿದರು. ಬೇರೆ ರಾಜ್ಯದಲ್ಲಿ ಹುಟ್ಟಿದವರು ತಾವು ಮೈಸೂರು ರಾಜ್ಯದಲ್ಲೇ ಬಹುಕಾಲದಿಂದ ವಾಸವಿರುವುದಾಗಿ ಅಮಲ್ದಾರರ, ಅಂದರೆ ಈಗಿನ ತಹಸೀಲ್ದಾರರ, ಕಚೇರಿಯಿಂದ ಸರ್ಟಿಫಿಕೇಟು ತಂದು ಲಗತ್ತಿಸಬೇಕು. ಇಲ್ಲದಿದ್ದರೆ ಹೊರ ರಾಜ್ಯದವರ ಪಟ್ಟಿ. ಅದರಲ್ಲಿ ಸೀಟು ಬೆರಳೆಣಿಕೆಯಷ್ಟು, ಫೀಸು ಎರಡರಷ್ಟು.

"ಬೆಂಗಳೂರು ಅಂತಲೇ ಬರೆದುಬಿಡಿ ಮೇಷ್ಟ್ರೇ" ಎಂದೆ.

"ಸುಳ್ಳು ಬರಿಯಾಕ ನನ್ನ ಕೈ ಬರಂಗಿಲ್ಲ ತಂಗಿ. ಅಪ್ಪಾರಿಗೆ ಹೇಳು, ಒಂದಿನ ರಜಾ ಹಾಕಿ ಸರ್ಟಿಫಿಕೇಟ ತರಲಿ. ಅವಸರ ಇಲ್ಲ, ಮುಂದಿನ ಐತವಾರ ಬರಿಯೂಣು" ಎಂದರು.

ಅಪ್ಪನಿಗೆ ಹೇಳುವುದು! ಅಪ್ಪ ಹೊಡೆಯುವವರಲ್ಲ. ಕೋಪ ಬಂದರೆ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದರು. ಅವರು ಉಣ್ಣದಿದ್ದರೆ ಅಮ್ಮನೂ ಉಣ್ಣುತ್ತಿರಲಿಲ್ಲ, ಅಮ್ಮ ಉಣ್ಣದಿದ್ದರೆ ನಾನೂ ತಂಗಿಯೂ ಅರ್ಧ ಉಂಡು ಏಳುತ್ತಿದ್ದೆವು. ಆ ವಾರ ಕಾರ್ಖಾನೆಯಲ್ಲಿ ಕೆಲವರನ್ನು ಕೆಲಸದಿಂದ ತೆಗೆಯುತ್ತಾರೆಂಬ ಸುದ್ದಿ ಇತ್ತು. ಒಂದು ದಿನ ರಜ ಕೇಳಿದವನ ಹೆಸರೇ ಮೊದಲು ಹೋಗುತ್ತದೆ ಎಂದು ಅಪ್ಪ ಅಮ್ಮನಿಗೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡಿದ್ದೆ. ಸೋಮವಾರ ಬಾಗಿಲ ತನಕ ಹೋದೆ, ಹಿಂದಕ್ಕೆ ಬಂದೆ. ಬುಧವಾರ ಅಪ್ಪ ಶೇವ್ ಮಾಡಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ನಿಂತೆ. "ಏನು?" ಎಂದರು. "ಏನಿಲ್ಲ" ಎಂದೆ. ಶನಿವಾರ ಪ್ರಯತ್ನವನ್ನೇ ಮಾಡಲಿಲ್ಲ.

ಭಾನುವಾರ ಮೇಷ್ಟ್ರು ಕೇಳಿದರು. "ಕೇಳ್ದೆ ಮೇಷ್ಟ್ರೇ. ಸರ್ಟಿಫಿಕೇಟ್ ಏನೂ ಬೇಡ, ಹಾಗೇ ಕಳ್ಸಿ ಅಂದ್ರು" ಎಂದೆ.

"ಖರೇ ಕೇಳೀಯೇನು?"

ನಾನು ಹೌದೆಂದು ತಲೆಯಾಡಿಸಿದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸ್ಲೇಟು ತೆಗೆದಿಟ್ಟು ಮಸಿಯಲ್ಲಿ ಬರೆದರು, ಬ್ಲಾಟಿಂಗ್ ಪೇಪರ್ ಒತ್ತಿ, ಅದನ್ನು ಒಳಗೇ ಇಟ್ಟು ಫಾರಂ ನನ್ನ ಕೈಗೆ ಕೊಟ್ಟರು. ಮನಸ್ಸಿಗೆ ಏನನ್ನಿಸಿತೋ, ಪತ್ರಿಕೆಯ ಜಾಹೀರಾತು ನೋಡಿ ತರಿಸಿಟ್ಟಿದ್ದ ಇನ್ನೊಂದು ಫಾರಂ ಹೊರಗೆ ತೆಗೆದರು. ಉತ್ತರದ ಒಂದು ದೊಡ್ಡ ವಿಶ್ವವಿದ್ಯಾಲಯದ್ದು, ರೈಲಿನಲ್ಲಿ ಮೂರು ದಿನದ ದಾರಿ. "ಇದೂ ಒಂದು ಇರಲಿ. ಅಲ್ಲಿ ಎಲ್ಲಾರೂ ಹೊರಗಿನವರ, ಯಾರೂ ಕೇಳಂಗಿಲ್ಲ" ಎಂದು ಅದನ್ನೂ ತುಂಬಿದರು. ಅದು ತಮಾಷೆಯೆಂದೇ ನಾನು ತಿಳಿದಿದ್ದೆ.

ಪಟ್ಟಿ ಹಾಕಿದ ದಿನ ಕಾಲೇಜಿನ ಬೋರ್ಡಿನ ಮುಂದೆ ನಿಂತು ಮೈಸೂರು ರಾಜ್ಯದವರ ಹೆಸರುಗಳನ್ನು ಮೂರು ಸಲ ಓದಿದೆ. ನನಗಿಂತ ಕಡಿಮೆ ಅಂಕದವರಿದ್ದರು, ನಾನಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ಸಣ್ಣ ಹಾಳೆ, ಹೊರ ರಾಜ್ಯದವರದು. ಅದರಲ್ಲಿ ಇದ್ದ ಸೀಟುಗಳು ಮುಗಿದ ಮೇಲೆ, ಒಂದು ಗೆರೆಯ ಕೆಳಗೆ, ನನ್ನ ಹೆಸರು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸೀಟು ಹೋದ ದುಃಖಕ್ಕಿಂತ, ಅಪ್ಪನಿಗೆ ಏನು ಹೇಳುವುದು ಎಂಬ ಭಯವೇ ದೊಡ್ಡದಾಗಿತ್ತು ಎಂದು ಬರೆಯಲು ಇವತ್ತೂ ನಾಚಿಕೆಯಾಗುತ್ತದೆ.

ಅಪ್ಪನಿಗೆ ಅರ್ಧ ಹೇಳಿದೆ. ಹುಟ್ಟಿದ ಊರಿನ ದೆಸೆಯಿಂದ ಹೊರಗಿನವರ ಪಟ್ಟಿಗೆ ಹಾಕಿದ್ದಾರೆ, ಯಾವುದೋ ಸರ್ಟಿಫಿಕೇಟು ಇಡಬೇಕಿತ್ತಂತೆ ಎಂದೆ. ಮೇಷ್ಟ್ರು ಒಂದು ವಾರ ಮೊದಲೇ ಹೇಳಿದ್ದರು ಎಂಬ ಉಳಿದರ್ಧ ಬಾಯಿಂದ ಹೊರಡಲಿಲ್ಲ. ಅಪ್ಪ ಅಂಗಿಯನ್ನೂ ಹಾಕಿಕೊಳ್ಳದೆ ಪಕ್ಕದ ಮನೆಗೆ ನುಗ್ಗಿದರು. ನಾನು ಹಿಂದೆಯೇ ಓಡಿದೆ.

"ಏನ್ರೀ ಮೇಷ್ಟ್ರೇ, ಊರಿನವರ್ಗೆಲ್ಲ ಬರ್ದು ಕೊಡ್ತೀರಿ. ಒಂದು ಸರ್ಟಿಫಿಕೇಟ್ ಬೇಕು ಅಂತ ನಿಮಗೆ ಗೊತ್ತಾಗ್ಲಿಲ್ವಾ? ನನ್ನ ಮಗಳ ಒಂದು ವರ್ಷ ಹಾಳ್ಮಾಡಿದ್ರಲ್ಲ!"

ಸಾಲಿನ ಜನವೆಲ್ಲ ಬಾಗಿಲಿಗೆ ಬಂದಿದ್ದರು. ಮೇಷ್ಟ್ರು ಊಟಕ್ಕೆ ಕೂತಿದ್ದವರು ಎದ್ದು ಬಂದಿದ್ದರು, ಬಲಗೈಯಲ್ಲಿ ರೊಟ್ಟಿಯ ಪುಡಿ ಹಾಗೇ ಇತ್ತು. ಅವರು ಅಪ್ಪನ ಮುಖ ನೋಡಿದರು, ಆಮೇಲೆ ಅಪ್ಪನ ಹಿಂದೆ ನಿಂತಿದ್ದ ನನ್ನನ್ನು ನೋಡಿದರು. ಆ ಒಂದು ನೋಟದಲ್ಲಿ ಅವರಿಗೆ ಎಲ್ಲ ಗೊತ್ತಾಯಿತು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ...

"ತಪ್ಪು ನಂದರೀ. ನನ್ನ ಲಕ್ಷ್ಯಕ್ಕ ಬರಲಿಲ್ಲ" ಎಂದರು ಮೇಷ್ಟ್ರು.

ಹಾಳೆಯ ಮೇಲೆ ಸುಳ್ಳು ಬರೆಯಲು ಒಪ್ಪದ ಮನುಷ್ಯ ಊರಿನ ಎದುರು ಬಾಯಿಬಿಟ್ಟು ಸುಳ್ಳು ಹೇಳಿದರು. ನಾನು ಸುಮ್ಮನೆ ನಿಂತಿದ್ದೆ. ಹದಿನೆಂಟು ತುಂಬಿದವಳು, ಮಾತು ಬರುತ್ತಿದ್ದವಳು, ಸುಮ್ಮನೆ ನಿಂತಿದ್ದೆ.

ಮುಂದಿನ ಭಾನುವಾರ ಜಗಲಿಗೆ ಇಬ್ಬರು ಬಂದರು. ಅದರ ಮುಂದಿನ ಭಾನುವಾರ ಯಾರೂ ಬರಲಿಲ್ಲ. "ಮೇಷ್ಟ್ರ ಕೈಯಲ್ಲಿ ಬರೆಸಿದ್ರೆ ಇರೋ ಊರೂ ಹೋಗುತ್ತೆ" ಎಂದು ನಲ್ಲಿಯ ಹತ್ತಿರ ಯಾರೋ ಅಂದರು, ಉಳಿದವರು ನಕ್ಕರು. ಮೇಷ್ಟ್ರು ಕೈಕಾಲು ತೊಳೆದು, ಮೇಜು ಮುಂದಿಟ್ಟುಕೊಂಡು, ಬಿಸಿಲು ಜಗಲಿ ದಾಟುವವರೆಗೆ ಕೂತಿದ್ದು ಒಳಗೆ ಹೋದರು. ಗೋಡೆಯ ಈಚೆಯಿಂದ ನನಗೆ ಮೇಜು ಎಳೆಯುವ ಸದ್ದು ಕೇಳಿಸಿತು.

ಆಗಲೇ ಉತ್ತರದಿಂದ ಕಾಗದ ಬಂತು, ಸೀಟು ಕೊಟ್ಟಿದ್ದೇವೆಂದು. ಮನೆಯಲ್ಲಿ ದೊಡ್ಡ ಗದ್ದಲ. ಆ ಹುಡುಗಿಯನ್ನು ಅಷ್ಟು ದೂರ ಕಳಿಸಿ ಏನಾಗಬೇಕಿದೆ, ಇಲ್ಲೇ ಟೀಚರ್ ಟ್ರೈನಿಂಗಿಗೆ ಸೇರಿಸಿ ಎಂದರು ಸೋದರಮಾವ. ಅಲ್ಲಿನ ಫೀಸು, ಹಾಸ್ಟೆಲ್ಲು, ರೈಲು ಸೇರಿದರೆ ಅಪ್ಪನಿಗೆ ಮಂಜೂರಾಗಿದ್ದ ಸೈಟಿಗೆ ಕಂತು ಕಟ್ಟುವುದು ಸಾಧ್ಯವೇ ಇರಲಿಲ್ಲ. ರಾಜಾಜಿನಗರದಲ್ಲೇ, ಮೂಲೆ ಸೈಟು. ಅಪ್ಪ ಭಾನುವಾರಗಳಂದು ಹೋಗಿ ಅದರ ಕಲ್ಲು ಮುಟ್ಟಿ ಬರುತ್ತಿದ್ದರು. ಎರಡು ದಿನ ತಟ್ಟೆ ಸರಿಸಿ ಎದ್ದರು. ಮೂರನೆಯ ದಿನ, "ನಮ್ಮನ್ನೇ ಹೊರಗಿನವರು ಅಂದ್ರಾ? ಆಯ್ತು, ಹೊರಗೇ ಓದ್ತಾಳೆ" ಎಂದು ಸೈಟು ಬಿಟ್ಟುಕೊಟ್ಟರು.

ನನ್ನ ಸುಳ್ಳಿನ ಬೆಲೆ ಹೀಗೆ ದಿನದಿಂದ ದಿನಕ್ಕೆ ಏರುತ್ತಾ ಹೋಯಿತು. ತಡೆಯಲಾರದೆ ಒಂದು ಸಂಜೆ, ಅಪ್ಪ ಕಾರ್ಖಾನೆಯಿಂದ ಬರುವ ಮೊದಲು, ಮೇಷ್ಟ್ರ ಮನೆಗೆ ಹೋದೆ. ಅಪ್ಪನಿಗೆ ಇವತ್ತೇ ಹೇಳಿಬಿಡುತ್ತೇನೆ ಎಂದು ಅತ್ತೆ. ಮೇಷ್ಟ್ರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಈಗ ಹೇಳಬ್ಯಾಡ. ಸುಳ್ಳು ಹೇಳಿದ ಹುಡುಗೀನ್ನ ಮೂರು ದಿನದ ದಾರಿ ಯಾವ ಅಪ್ಪ ಕಳಸ್ತಾನ? ಓದಿ ಬಂದ ಮ್ಯಾಲೆ ಹೇಳು. ಆದ್ರ ಹೇಳು ತಂಗಿ. ಈ ಓಣ್ಯಾಗ ನಾ ಇನ್ನೂ ಬಾಳೇ ಮಾಡಬೇಕು" ಎಂದರು. ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಹೋದೆ. ಮೂರು ದಿನವೂ ಕಿಟಕಿಯ ಸರಳು ಬಿಡಲಿಲ್ಲ. ಅಲ್ಲಿ ಇಳಿದರೆ ಸಾವಿರಾರು ಮಂದಿ, ಎಲ್ಲಿ ನೋಡಿದರೂ ಕಟ್ಟಡ. ಹಾಜರಿಯಲ್ಲಿ ಹೆಸರಿಲ್ಲ, ನಂಬರು. ಪಾಠ ಇಂಗ್ಲಿಷಿನಲ್ಲಾದರೂ ಅನ್ನ ಕೇಳುವುದು ಹಿಂದಿಯಲ್ಲಿ. ಮೊದಲ ಎರಡು ತಿಂಗಳು ಅನ್ನ ಬೇಕೆನ್ನಲು ಹೆದರಿ ತಟ್ಟೆಗೆ ಹಾಕಿದ ರೊಟ್ಟಿ ತಿಂದು ಏಳುತ್ತಿದ್ದೆ. ಲ್ಯಾಬಿನಲ್ಲಿ ಗಾಜಿನ ಕೊಳವೆ ಒಡೆದರೆ ದಂಡ ಎಂದು ಬರೆದಿತ್ತು. ಒಂದೊಂದು ಕೊಳವೆಯನ್ನೂ ಹಸುಗೂಸಿನ ಹಾಗೆ ಹಿಡಿಯುತ್ತಿದ್ದೆ, ಕೈಯಲ್ಲಿ ಅಪ್ಪನ ಸೈಟು ಇದೆ ಅನ್ನಿಸುತ್ತಿತ್ತು.

ಮೊದಲ ಬೇಸಿಗೆ ರಜೆಗೆ ಬಂದಾಗ ಅಪ್ಪ ನನ್ನನ್ನು ಕಾರ್ಖಾನೆಯವರಿಗೆಲ್ಲ ತೋರಿಸಿಕೊಂಡು ಓಡಾಡಿದರು. ಅಷ್ಟು ಖುಷಿಯಾಗಿದ್ದರು. ಇವತ್ತು ಬೇಡ, ನಾಳೆ ಎಂದುಕೊಂಡೆ. ನಾಳೆಯೂ ಹಾಗೇ. ಒಂದು ಬೆಳಿಗ್ಗೆ ಮೇಷ್ಟ್ರು ಎದುರಿಗೆ ಸಿಕ್ಕರು, ಸೊರಗಿದ್ದರು. "ಆರಾಮ ಇದ್ದೀಯೇನವಾ?" ಎಂದರು, ಅಷ್ಟೇ. ಬೇರೆ ಏನನ್ನೂ ಕೇಳಲಿಲ್ಲ. ಅಪ್ಪ ನನ್ನ ಪಕ್ಕದಲ್ಲಿದ್ದರು, ಮುಖ ತಿರುಗಿಸಿ ನಡೆದರು. ನಾನು ತಲೆ ತಗ್ಗಿಸಿಕೊಂಡು ಅಪ್ಪನ ಹಿಂದೆ ಹೋದೆ.

ಆ ವರ್ಷವೇ ನವೆಂಬರಿನಲ್ಲಿ ಕನ್ನಡದ ಊರುಗಳು ಸೇರಿ ಒಂದು ರಾಜ್ಯವಾದವು. ಮೇಷ್ಟ್ರ ಊರು ಒಳಗೆ ಬಂತು, ಅಮ್ಮನ ತೌರು ಹೊರಗೇ ಉಳಿಯಿತು. ಸ್ವಲ್ಪ ದಿನಕ್ಕೆ ಅಮ್ಮನ ಕಾರ್ಡು ಬಂತು. ಮೇಷ್ಟ್ರು ಮನೆ ಖಾಲಿ ಮಾಡಿಕೊಂಡು ತಮ್ಮ ಕಡೆಗೆ ಹೊರಟುಹೋದರು, ಹೋಗುವಾಗ ನಮ್ಮ ಬಾಗಿಲಿಗೆ ಬಂದು ನಿಂತರು, ನಿಮ್ಮಪ್ಪ ಒಳಗಿನಿಂದ ಎದ್ದು ಬರಲಿಲ್ಲ ಎಂದಿತ್ತು. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅದನ್ನು ಓದಿದೆ. ದುಃಖವಾಯಿತು, ನಿಜ. ಅದರ ಅಡಿಯಲ್ಲಿ, ಇನ್ನು ಹೇಳಬೇಕಾಗಿಲ್ಲ ಎಂಬ ಒಂದು ಸಮಾಧಾನವೂ ಇತ್ತು. ಆ ಸಮಾಧಾನವನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ.

ಡಿಗ್ರಿ ಬಂತು, ಕೆಲಸ ಬಂತು. ಬೆಂಗಳೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಿವೃತ್ತಿಯಾಗುವವರೆಗೆ ಕೆಮಿಸ್ಟ್ರಿ ಹೇಳಿದೆ. ಅಪ್ಪ ಬಿಟ್ಟುಕೊಟ್ಟ ಮೂಲೆ ಸೈಟಿನಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡ, ಕೆಳಗೆ ಬೇಕರಿ, ಮೇಲೆ ಜಿಮ್ಮು. "ದೊಡ್ಡಮ್ಮನ ಡಿಗ್ರಿ ನೋಡ್ಬೇಕಾ, ಅಲ್ಲಿ ಹೋಗಿ ಬನ್ ತಿನ್ಕೊಂಡ್ ಬನ್ನಿ" ಎಂದು ತಂಗಿಯ ಮಕ್ಕಳು ಮದುವೆಮನೆಗಳಲ್ಲಿ ರೇಗಿಸುತ್ತಾರೆ. ನಾನೂ ನಗುತ್ತೇನೆ. ಸೈಟಿನ ಬಗ್ಗೆ ನನಗೆ ವ್ಯಥೆಯಿಲ್ಲ, ಅಪ್ಪನಿಗೂ ಇರಲಿಲ್ಲ. ಮೊಮ್ಮಗಳಿಗೆ ಅದನ್ನೇ ಹೇಳಿದೆ. ಹೋಗು, ದೊಡ್ಡ ಜಾಗದಲ್ಲಿ ಹೆದರಿಕೆ ಸವೆಯುತ್ತದೆ, ಕಲಿಯುವುದು ಸಿಗುತ್ತದೆ, ಖರ್ಚಾಗಲಿ ಎಂದೆ. ಆ ಖರ್ಚಿನಲ್ಲಿ ನಮ್ಮವರಲ್ಲದ ಒಬ್ಬರ ಪಾಲೂ ಇತ್ತೆಂದು ಹೇಳಲು ಬಾಯಿ ಬರಲಿಲ್ಲ.

ಅಪ್ಪನಿಗೆ ಹೇಳಿದ್ದು ಅವರು ಕೆಲಸ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ. ಆಗ ನನಗೇ ಅರ್ಧ ತಲೆ ನರೆತಿತ್ತು. ಒಂದು ಮಧ್ಯಾಹ್ನ ಪತ್ರಿಕೆ ಓದುತ್ತಾ ಕೂತಿದ್ದವರ ಹತ್ತಿರ ಹೋಗಿ, "ಅವತ್ತು ಮೇಷ್ಟ್ರದ್ದು ತಪ್ಪಿರ್ಲಿಲ್ಲಪ್ಪ. ಸರ್ಟಿಫಿಕೇಟ್ ತರ್ಸು ಅಂದಿದ್ರು. ನಾನು ನಿಮ್ಮನ್ನ ಕೇಳ್ಲೇ ಇಲ್ಲ" ಎಂದೆ.

ಅಪ್ಪ ಪತ್ರಿಕೆ ಮಡಿಸಿಟ್ಟರು. "ನಾನು ಅಷ್ಟು ಹೆದರಿಸ್ತಿದ್ನಾ?" 

ನಾನು ಅವರ ಪಕ್ಕ ಕೂತೆ.

"ಹೊರಡೋ ದಿನ ಬಾಗಿಲಿಗೆ ಬಂದಿದ್ರು ಕಣಮ್ಮ. ಕೈ ಮುಗಿದು ನಿಂತಿದ್ರು. ನಾನು ಕೂತಲ್ಲಿಂದ ಏಳ್ಲಿಲ್ಲ" ಎಂದರು. ಆಮೇಲೆ ಅವಸರವಾಗಿ, "ಒಂದು ಕಾಗದ ಬರಿ. ನಾನು ಹೇಳ್ತೀನಿ, ನೀನು ಬರಿ. ಮೊದ್ಲು ಅವ್ರ ಹೆಸರು ಹಾಕು" ಎಂದರು.

ಪೆನ್ನು ಹಿಡಿದು ಅಪ್ಪನ ಮುಖ ನೋಡಿದೆ. ಅಪ್ಪ ನನ್ನ ಮುಖ ನೋಡಿದರು. ನಮಗೆ ಅವರು ಮೇಷ್ಟ್ರು, ಅಷ್ಟೇ. ಅವರ ಹೆಂಡತಿ ಗಂಡನ ಹೆಸರು ಹೇಳುವವರಾಗಿರಲಿಲ್ಲ, ಕೇಳುವ ಅಗತ್ಯ ನಮಗೂ ಬಿದ್ದಿರಲಿಲ್ಲ. ಅಮ್ಮ ತೀರಿಕೊಂಡಿದ್ದರು, ಸಾಲಿನವರು ದಿಕ್ಕಿಗೊಬ್ಬರಾಗಿದ್ದರು, ಆ ಶಾಲೆ ಮುಚ್ಚಿಹೋಗಿತ್ತು. ಸಾಲುಮನೆಗಳ ಪ್ರತಿಯೊಬ್ಬರ ಹೆಸರನ್ನೂ, ಅವರವರ ತಂದೆಯ ಹೆಸರನ್ನೂ ಒಂದು ಅಕ್ಷರ ತಪ್ಪಿಲ್ಲದೆ ಬರೆದವರು ಅವರು. ಅಪ್ಪ ಮತ್ತೆ ಪತ್ರಿಕೆ ಎತ್ತಿಕೊಂಡರು. ಓದಲಿಲ್ಲ, ಸುಮ್ಮನೆ ಮುಖದ ಮುಂದೆ ಹಿಡಿದುಕೊಂಡರು. ಈಗ ಅಪ್ಪನೂ ಇಲ್ಲ, ಮೇಷ್ಟ್ರೂ ಇರಲಾರರು. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.